ಟೆಸ್ಟ್ ಕೋಡ್ ಪ್ರೊಡಕ್ಷನ್ ಜಾರ್‌ನೊಳಗೆ ಸೇರದಂತೆ ತಡೆಯುವುದು ಹೇಗೆ?

ಹಿಂಜವಡಿ ಕನ್ನಡಿಗ:
ನಮಸ್ಕಾರ. ಪುಣೆಯಲ್ಲಿ ನಾನು ಈಚೆಗೆ ವಹಿಸಿಕೊಂಡಿರುವ ಹಳೆಯ ಜಾವಾ ಪ್ರಾಜೆಕ್ಟಿನಲ್ಲಿ ಟೆಸ್ಟ್ ಕ್ಲಾಸುಗಳೂ ಅಸಲಿ ಕ್ಲಾಸುಗಳೂ ಒಂದೇ ಸೋರ್ಸ್ ಫೋಲ್ಡರಿನಲ್ಲಿವೆ. ಎಸ್ಸೆಮ್ಮೆಸ್ ಕಳುಹಿಸುವ ಬದಲು ಸಂದೇಶವನ್ನು ಲಾಗ್‌ಗೆ ಬರೆದು ಸುಮ್ಮನಾಗುವ ಒಂದು ನಕಲಿ ಕ್ಲಾಸಿಗೆ ಯಾರೋ ಪ್ರೈಮರಿ ಎಂಬ ಅನೊಟೇಶನ್ (ಹಲವು ಕ್ಲಾಸುಗಳಿದ್ದರೆ ಇದನ್ನೇ ಆರಿಸು ಎಂಬ ಗುರುತು) ಹಾಕಿದ್ದರಿಂದ, ಮುಂಬೈಯ ಗ್ರಾಹಕರ ಸರ್ವರಿನಲ್ಲಿ ಕ್ಲಾಸುಗಳನ್ನು ಜೋಡಿಸುವ ಸ್ಪ್ರಿಂಗ್ ಫ್ರೇಮ್‌ವರ್ಕ್ ಅದನ್ನೇ ಆರಿಸಿಕೊಂಡಿತು. ಒಟಿಪಿ ಯಾರಿಗೂ ತಲುಪಲಿಲ್ಲ. ನಮ್ಮ ಬಿಲ್ಡ್ ಉಪಕರಣವಾದ ಮೇವನ್ ಜಾರ್ (ಕಂಪೈಲ್ ಆದ ಕ್ಲಾಸುಗಳನ್ನು ಕಟ್ಟಿಟ್ಟ ಫೈಲು) ಕಟ್ಟುವಾಗ ಹೆಸರಿನ ಕೊನೆಗೆ ‘ಟೆಸ್ಟ್’ ಇರುವ ಕ್ಲಾಸುಗಳನ್ನು ಎಕ್ಸ್‌ಕ್ಲೂಡ್ ಮಾಡಿದರೆ ಸಾಕೆಂದು ನಮ್ಮ ಲೀಡ್ ಹೇಳುತ್ತಾರೆ. ಅಷ್ಟು ಸಾಕೇ? ಟೆಸ್ಟ್ ಡೇಟಾ ಸಿದ್ಧಪಡಿಸುವ ಹೆಲ್ಪರ್ ಕ್ಲಾಸುಗಳು ಬೇರೆ ಮಾಡ್ಯೂಲುಗಳ ಟೆಸ್ಟಿಗೂ ಬೇಕಾಗಿವೆ.

ಕೋಥ್ರೂಡ್ ನಿವಾಸಿ:
ಸಾಲದು. ನಿಮ್ಮ ನಕಲಿ ಕ್ಲಾಸಿನ ಹೆಸರು ‘ಟೆಸ್ಟ್’ ಎಂದು ಮುಗಿಯುವುದೇ ಇಲ್ಲವೆಂದು ನನ್ನ ಊಹೆ. ಇಂಥವಕ್ಕೆ ಫೇಕ್, ಸ್ಟಬ್ ಎಂದು ಅವರವರ ಇಷ್ಟದಂತೆ ಹೆಸರಿಟ್ಟಿರುತ್ತಾರೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಎಲ್ಲವೂ ಒಟ್ಟಿಗೆ ಕಂಪೈಲ್ ಆಗುವಾಗ ಅಸಲಿ ಕೋಡು ಟೆಸ್ಟ್ ಕ್ಲಾಸನ್ನು ಇಂಪೋರ್ಟ್ ಮಾಡಿಕೊಂಡಿದ್ದರೂ ಕಂಪೈಲರ್ ತಕರಾರು ಮಾಡುವುದಿಲ್ಲ. ಆಮೇಲೆ ಜಾರ್‌ನಿಂದ ಆ ಕ್ಲಾಸನ್ನು ತೆಗೆದುಹಾಕಿದರೆ ಪ್ರೋಗ್ರಾಮು ಓಡುತ್ತಿರುವಾಗ, ಹೆಚ್ಚಾಗಿ ಆ ಸಾಲಿಗೆ ಬಂದಾಗ, ಕ್ಲಾಸು ಸಿಗಲಿಲ್ಲವೆಂಬ ಎರರ್ ಬರುತ್ತದೆ.

ಮೇವನ್‌ನ ರೂಢಿಯಂತೆ ಅಸಲಿ ಕೋಡನ್ನು ‘ಮೇನ್’ ಫೋಲ್ಡರಿನಲ್ಲೂ ಉಳಿದದ್ದನ್ನು ‘ಟೆಸ್ಟ್’ ಫೋಲ್ಡರಿನಲ್ಲೂ ಇಡಿ. ಮೊದಲು ‘ಮೇನ್’ ಮಾತ್ರ ಕಂಪೈಲ್ ಆಗುತ್ತದೆ, ಆಗ ಟೆಸ್ಟ್ ಕ್ಲಾಸುಗಳು ಕ್ಲಾಸ್‌ಪಾತ್‌ನಲ್ಲೇ (ಕಂಪೈಲರ್ ಕ್ಲಾಸುಗಳನ್ನು ಹುಡುಕುವ ಜಾಗಗಳ ಪಟ್ಟಿ) ಇರುವುದಿಲ್ಲ. ಆದ್ದರಿಂದ ತಪ್ಪು ಇಂಪೋರ್ಟ್ ಇದ್ದರೆ ಬಿಲ್ಡ್ ಅಲ್ಲಿಯೇ ನಿಲ್ಲುತ್ತದೆ. ಫೈಲುಗಳನ್ನು ಸ್ಥಳಾಂತರಿಸಿದ ಕೂಡಲೇ ಬರುವ ಎರರ್‌ಗಳ ಪಟ್ಟಿಯನ್ನು ಕಂಡು ಗಾಬರಿಯಾಗಬೇಡಿ, ನಿಮಗೆ ಬೇಕಾದ ಮಾಹಿತಿ ಅದರಲ್ಲೇ ಇದೆ. ಎರಡೂ ಕಡೆ ಪ್ಯಾಕೇಜಿನ ಹೆಸರು ಒಂದೇ ಇರಲಿ, ಆಗ ಟೆಸ್ಟಿಗೋಸ್ಕರ ಮೆಥಡ್‌ಗಳನ್ನು ಪಬ್ಲಿಕ್ ಮಾಡುವ ಅಗತ್ಯ ಬೀಳುವುದಿಲ್ಲ. ಟೆಸ್ಟಿಗೆ ಬಳಸುವ ಲೈಬ್ರರಿಗಳಾದ ಜೆಯುನಿಟ್, ಮೊಕಿಟೊಗಳಿಗೆ ಟೆಸ್ಟ್ ಸ್ಕೋಪ್ ಕೊಡಿ, ಅಂದರೆ ಅವು ಟೆಸ್ಟಿಗೆ ಮಾತ್ರ ಸಿಗಲಿ.

ಹಿಂಜವಡಿ ಕನ್ನಡಿಗ:
ನಿಮ್ಮ ಊಹೆ ಸರಿ, ಅದರ ಹೆಸರಿನಲ್ಲಿ ‘ಡಮ್ಮಿ’ ಎಂದಿದೆ. ಹೆಲ್ಪರ್ ಕ್ಲಾಸುಗಳಿಗೆ ಏನು ಮಾಡಲಿ?

ಪಿಂಪರಿಯ ಹಳಬ:
ಟೆಸ್ಟ್ ಫೋಲ್ಡರನ್ನೇ ‘ಟೆಸ್ಟ್-ಜಾರ್’ ಆಗಿ ಕಟ್ಟಿ ಹಂಚಿಕೊಳ್ಳಲು ಮೇವನ್‌ನಲ್ಲಿ ಅವಕಾಶವಿದೆ, ಆದರೆ ನಾನು ಅದನ್ನು ಸೂಚಿಸುವುದಿಲ್ಲ. ಟೆಸ್ಟ್ ಸ್ಕೋಪಿನ ಡಿಪೆಂಡೆನ್ಸಿಗಳು (ಆ ಕೋಡು ಅವಲಂಬಿಸಿರುವ ಲೈಬ್ರರಿಗಳು) ಅದರೊಂದಿಗೆ ಮುಂದಿನ ಮಾಡ್ಯೂಲಿಗೆ ದಾಟುವುದಿಲ್ಲವಾದ್ದರಿಂದ ಅವನ್ನು ಪ್ರತಿಯೊಂದು ಕಡೆಯೂ ಮತ್ತೆ ಬರೆಯಬೇಕಾಗುತ್ತದೆ. ಹೆಲ್ಪರ್‌ಗಳಿಗೆ ಪ್ರತ್ಯೇಕ ಮಾಡ್ಯೂಲು ಮಾಡಿ, ಅವನ್ನು ಅದರ ‘ಮೇನ್’ ಫೋಲ್ಡರಿನಲ್ಲಿಟ್ಟು, ಬೇಕಾದ ಮಾಡ್ಯೂಲುಗಳಲ್ಲಿ ಅದನ್ನು ಟೆಸ್ಟ್ ಸ್ಕೋಪಿನಲ್ಲಿ ಸೇರಿಸಿಕೊಳ್ಳಿ. ಮೇವನ್ ಬದಲು ಗ್ರೇಡಲ್ ಬಳಸುವವರಿಗೆ ಇದಕ್ಕೆಂದೇ ಟೆಸ್ಟ್ ಫಿಕ್ಸ್ಚರ್ಸ್ ಪ್ಲಗಿನ್ ಇದೆ.

ಕೋಥ್ರೂಡಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಫೋಲ್ಡರ್ ಬೇರೆಯಾದರೂ, ಅಸಲಿ ಕ್ಲಾಸಿನೊಳಗೆ ‘ಇದು ಟೆಸ್ಟ್ ಆಗಿದ್ದರೆ ಹೀಗೆ ಮಾಡು’ ಎಂಬ ಇಫ್ ಉಳಿದಿದ್ದರೆ ಅದು ಗ್ರಾಹಕರವರೆಗೂ ಹೋಗುತ್ತದೆ, ಮತ್ತು ಅದನ್ನು ಯಾವ ಬಿಲ್ಡ್ ಉಪಕರಣವೂ ಹಿಡಿದುಕೊಡುವುದಿಲ್ಲ. ಎಸ್ಸೆಮ್ಮೆಸ್ ಕಳುಹಿಸುವುದಕ್ಕೆ ಇಂಟರ್‌ಫೇಸ್ (ಅಸಲಿ, ನಕಲಿ ಎರಡೂ ಪಾಲಿಸಬೇಕಾದ ಮೆಥಡ್‌ಗಳ ಪಟ್ಟಿ) ಇಟ್ಟು, ನಕಲಿಯನ್ನು ಟೆಸ್ಟಿನ ಕಾನ್ಫಿಗರೇಶನ್‌ನಿಂದ ಮಾತ್ರ ಜೋಡಿಸಿ.

ಇದೆಲ್ಲ ಆದಮೇಲೆ, ಬಿಲ್ಡ್ ಸರ್ವರಿನಲ್ಲಿ ಜಾರ್‌ನ ಫೈಲುಗಳನ್ನು ಪಟ್ಟಿಮಾಡಿ, ಡಮ್ಮಿಯೋ ಮೊಕಿಟೊವೋ ಕಂಡರೆ ಬಿಲ್ಡ್ ಕೆಡುವಂತೆ ಒಂದು ಚಿಕ್ಕ ಸ್ಕ್ರಿಪ್ಟ್ ಹಾಕಿ. ಹೆಸರು ನೋಡಿ ಹಿಡಿಯುವ ನಿಮ್ಮ ಲೀಡ್ ಅವರ ಉಪಾಯ ಅಲ್ಲಿ ಉಪಯೋಗಕ್ಕೆ ಬರುತ್ತದೆ.