ಸ್ಪೀಡೋಮೀಟರ್ ಮುಳ್ಳು ನಿಂತುಹೋಗಿದೆ, ಪುಣೆಯಿಂದ ಧಾರವಾಡಕ್ಕೆ ಹೋಗಬಹುದಾ?

ನಿಗಡಿಯವ:
ಎಲ್ಲರಿಗೂ ನಮಸ್ಕಾರ. ಅಪ್ಪನ ಹಳೇ ಪೆಟ್ರೋಲ್ ಕಾರು ಈಗ ನನ್ನ ಹತ್ತಿರ ಇದೆ. 2004ರ ಮಾಡೆಲ್, ಕೇಬಲ್ ಮೀಟರ್ (ಗೇರ್‌ಬಾಕ್ಸ್‌ನಿಂದ ತಿರುಗುವ ತಂತಿಯಿಂದ ಓಡುವುದು), ಆರ್‌ಪಿಎಂ ಮೀಟರ್ ಇಲ್ಲ. ಸ್ವಲ್ಪ ದಿನದಿಂದ ಮುಳ್ಳು ನಡುಗುತ್ತಿತ್ತು, ಈಗ ಸೊನ್ನೆ ಮೇಲೆ ನಿಂತುಬಿಟ್ಟಿದೆ, ಕಿಲೋಮೀಟರ್ ಅಂಕಿಯೂ ಓಡುತ್ತಿಲ್ಲ. ಮುಂದಿನ ವಾರ ಹೆಂಡತಿ, ಮಗು ಜೊತೆ ಧಾರವಾಡಕ್ಕೆ ಹೋಗಬೇಕು. ಆಫೀಸಿನ ಗೆಳೆಯರು ಮೊಬೈಲಲ್ಲಿ ಸ್ಪೀಡ್ ನೋಡಿಕೊಂಡು ಹೋಗು, ಅಷ್ಟು ಸಾಕು ಅಂತಾರೆ. ಸಾಕಾ? ಇನ್ನೊಂದು ವಿಷಯ, ರಿಪೇರಿ ಆದ ಮೇಲೆ ಮೀಟರ್ ಸರಿಯಾಗಿ ತೋರಿಸುತ್ತಿದೆಯಾ ಅಂತ ನಾವೇ ನೋಡಿಕೊಳ್ಳುವುದು ಹೇಗೆ? ಮೊದಲಿನಿಂದಲೂ ಅದು ಜಾಸ್ತಿ ತೋರಿಸುತ್ತೆ ಅಂತ ನನಗೆ ಅನುಮಾನ.

ಗೇರ್‌ಬಾಕ್ಸ್:
ಮುಳ್ಳು, ಅಂಕಿ ಎರಡೂ ಒಟ್ಟಿಗೆ ನಿಂತಿವೆ ಅಂದರೆ ಮೀಟರ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಕೇಬಲ್ ಒಳಗಿನ ತಂತಿ ತುಂಡಾಗಿದೆ, ಇಲ್ಲ ಗೇರ್‌ಬಾಕ್ಸ್ ಕಡೆ ಕೇಬಲ್ ತಿರುಗಿಸುವ ಸಣ್ಣ ಹಲ್ಲಿನ ಚಕ್ರದ (ಪಿನಿಯನ್) ಹಲ್ಲು ಸವೆದಿದೆ. ನಿಲ್ಲುವ ಮೊದಲು ಮುಳ್ಳು ನಡುಗುತ್ತಿತ್ತು ಅಂದಿರಲ್ಲ, ಅದು ಕೇಬಲ್ ಒಣಗಿದ್ದರ ಗುರುತು. ಮೀಟರ್ ಹಿಂದಿನಿಂದ ಕೇಬಲ್ ಬಿಚ್ಚಿ, ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಸಮತಟ್ಟಾದ ಜಾಗದಲ್ಲಿ ಯಾರಿಗಾದರೂ ಮೆಲ್ಲಗೆ ತಳ್ಳೋಕೆ ಹೇಳಿ. ಒಳಗಿನ ತಂತಿ ತಿರುಗಿದರೆ ಕೇಬಲ್ ಚೆನ್ನಾಗಿದೆ. ತಿರುಗದಿದ್ದರೆ ಪಿನಿಯನ್ ಒಮ್ಮೆ ನೋಡಿಸಿ, ಅದು ಸರಿ ಇದ್ದರೆ ಹೊಸ ಕೇಬಲ್ ಹಾಕಿಸಿ. ನಾನಾ ಪೇಠ್‌ನ ಸ್ಪೇರ್ ಅಂಗಡಿಗಳಲ್ಲಿ ಕೇಳಿ ನೋಡಿ. ದೊಡ್ಡ ಖರ್ಚಿನ ಕೆಲಸ ಅಲ್ಲ, ಇಷ್ಟಕ್ಕೋಸ್ಕರ ಮಗುವನ್ನು ಕೂರಿಸಿಕೊಂಡು ಅಂದಾಜಿನಲ್ಲಿ ಹೈವೇಗೆ ಇಳಿಯಬೇಡಿ.

ಕೇಬಲ್ ಹೊಸದಾದ ಮಾತ್ರಕ್ಕೆ ಅಂಕಿ ಸರಿ ಅಂತ ಅಂದುಕೊಳ್ಳಬೇಡಿ. ಈ ಹಳೇ ಮೀಟರ್‌ನಲ್ಲಿ ಕೇಬಲ್ ತಿರುಗಿಸುವುದು ಮುಳ್ಳನ್ನಲ್ಲ, ಒಂದು ಅಯಸ್ಕಾಂತವನ್ನು. ಅದರ ಪಕ್ಕದಲ್ಲೇ, ಅದಕ್ಕೆ ತಾಗದ ಹಾಗೆ, ಮುಳ್ಳು ಜೋಡಿಸಿದ ಒಂದು ಅಲ್ಯೂಮಿನಿಯಂ ಬಟ್ಟಲು ಇರುತ್ತೆ. ಅಯಸ್ಕಾಂತ ತಿರುಗಿದಾಗ ಬಟ್ಟಲಲ್ಲಿ ಕರೆಂಟ್ ಹುಟ್ಟಿ ಅದೂ ತಿರುಗಲು ನೋಡುತ್ತೆ, ಸುರುಳಿ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆಯುತ್ತೆ, ಈ ಎಳೆದಾಟ ಎಲ್ಲಿ ಸಮ ಆಗುತ್ತೋ ಅಲ್ಲಿ ಮುಳ್ಳು ನಿಲ್ಲುತ್ತೆ. ವರ್ಷಗಳು ಕಳೆದಂತೆ ಅಯಸ್ಕಾಂತ ಸೋತರೆ ಕಡಿಮೆ ತೋರಿಸುತ್ತೆ, ಸ್ಪ್ರಿಂಗ್ ಸಡಿಲ ಆದರೆ ಜಾಸ್ತಿ. ಹಾಗಾಗಿ ಪರೀಕ್ಷೆ ಮಾಡಲೇಬೇಕು.

ಕೋಥ್ರೂಡ್ ಕನ್ನಡಿಗ:
ಪರೀಕ್ಷೆ ಬಗ್ಗೆ ನಾನು ಹೇಳುತ್ತೇನೆ. ನಿಮ್ಮ ಅನುಮಾನ ಸರಿಯೇ ಇರಬಹುದು, ಯಾಕಂದರೆ ಮೀಟರ್ ಸ್ವಲ್ಪ ಜಾಸ್ತಿ ತೋರಿಸುವಂತೆ ಬೇಕಂತಲೇ ಮಾಡಿರುತ್ತಾರೆ. ವಿಶ್ವಸಂಸ್ಥೆಯ 39ನೇ ವಾಹನ ನಿಯಮಾವಳಿ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು, ಜಾಸ್ತಿ ಆದರೆ ಶೇಕಡಾ 10ರ ಮೇಲೆ ಇನ್ನು 4 ಕಿಲೋಮೀಟರ್ ತನಕ ನಡೆಯುತ್ತೆ. ಅಂದರೆ ಗಾಡಿ 80ರಲ್ಲಿ ಇದ್ದಾಗ ಮುಳ್ಳು 92 ತೋರಿಸಿದರೂ ಆ ಲೆಕ್ಕದಲ್ಲಿ ತಪ್ಪಿಲ್ಲ. ಕಡಿಮೆ ತೋರಿಸಿದರೆ ಮಾತ್ರ ಅದು ಅಪಾಯ.

ಹೈವೇಯ ಕಿಲೋಮೀಟರ್ ಕಲ್ಲು, ಒಂದು ಸ್ಟಾಪ್‌ವಾಚ್, ಇಷ್ಟೇ ಸಾಕು. ಬೆಳಗ್ಗೆ ಬೇಗ, ಟ್ರಾಫಿಕ್ ಕಡಿಮೆ ಇರುವಾಗ, ಸಮತಟ್ಟಾದ ಕಡೆ ಮುಳ್ಳನ್ನು 80ರಲ್ಲಿ ಹಿಡಿದು ಓಡಿಸಿ. ಪಕ್ಕದಲ್ಲಿ ಕೂತವರು ಕಲ್ಲಿನಿಂದ ಕಲ್ಲಿಗೆ ಎಷ್ಟು ಸೆಕೆಂಡ್ ಅಂತ ನೋಡಲಿ, ಓಡಿಸುವವರು ಆ ಕೆಲಸಕ್ಕೆ ಕೈ ಹಾಕಬಾರದು. 3600ನ್ನು ಸೆಕೆಂಡಿನಿಂದ ಭಾಗಿಸಿದರೆ ವೇಗ ಸಿಗುತ್ತೆ. 45 ಸೆಕೆಂಡ್ ಆದರೆ 80, 50 ಆದರೆ 72. ಒಂದೇ ಕಿಲೋಮೀಟರ್ ಅಳೆದರೆ ಬೆರಳು ಒಂದು ಸೆಕೆಂಡ್ ತಡ ಮಾಡಿದರೂ ಉತ್ತರದಲ್ಲಿ ಸುಮಾರು 2 ಕಿಲೋಮೀಟರ್ ವ್ಯತ್ಯಾಸ ಬರುತ್ತೆ. ಐದು ಕಿಲೋಮೀಟರ್ ಅಳೆದರೆ ಅದೇ ಒಂದು ಸೆಕೆಂಡಿಗೆ ಅರ್ಧ ಕಿಲೋಮೀಟರೂ ಬರುವುದಿಲ್ಲ. ರಸ್ತೆ ಅಗಲ ಮಾಡಿದ ಕಡೆ ಕಲ್ಲುಗಳ ಜಾಗ ಆಚೀಚೆ ಆಗಿರುತ್ತೆ, ಅದಕ್ಕೂ ಉದ್ದ ಅಳತೆಯೇ ಒಳ್ಳೆಯದು.

ಜೊತೆಗೆ ಮೊಬೈಲ್ ಜಿಪಿಎಸ್ ಇಟ್ಟು ತಾಳೆ ನೋಡಿ. ಒಂದೇ ವೇಗದಲ್ಲಿ ನೇರ ರಸ್ತೆಯಲ್ಲಿ ಹೋಗುವಾಗ ಅದನ್ನು ಚೆನ್ನಾಗಿ ನಂಬಬಹುದು. 40, 60, 80 ಮೂರರಲ್ಲೂ ನೋಡಿ ಬರೆದಿಟ್ಟುಕೊಳ್ಳಿ, ಯಾಕಂದರೆ ಎಲ್ಲ ವೇಗದಲ್ಲೂ ವ್ಯತ್ಯಾಸ ಒಂದೇ ಇರಬೇಕೆಂದಿಲ್ಲ.

ಸಾತಾರಾ ರೋಡ್:
ಬರೀ ಮೊಬೈಲ್ ನಂಬಿ ಹೋಗು ಅಂದವರ ಮಾತು ದಯವಿಟ್ಟು ಕೇಳಬೇಡಿ. ಬ್ರೇಕ್ ಹಾಕಿದಾಗ, ಜೋರು ಮಾಡಿದಾಗ ಜಿಪಿಎಸ್ ಅಂಕಿ ತಡವಾಗಿ ಬದಲಾಗುತ್ತೆ. ಸುರಂಗದ ಒಳಗೆ ಸಿಗ್ನಲ್ಲೇ ಇರಲ್ಲ. ನೀವು ವಾಪಸ್ ಬರುವಾಗ ಕಾತ್ರಜ್ ಹೊಸ ಸುರಂಗ ದಾಟಿದ ಮೇಲೆ ನವಲೆ ಬ್ರಿಜ್ ತನಕ ಇಳಿಜಾರು ಅಲ್ವಾ, ಅಲ್ಲಿ ಎಷ್ಟು ಅಪಘಾತ ಆಗಿವೆ ಅಂತ ಪುಣೆಯಲ್ಲಿರುವ ಎಲ್ಲರಿಗೂ ಗೊತ್ತು. ಸ್ಪೀಡ್ ಎಷ್ಟು ಅಂತ ಅತೀ ಮುಖ್ಯವಾಗಿ ಗೊತ್ತಿರಬೇಕಾದ ಜಾಗದಲ್ಲೇ ಮೊಬೈಲ್ ಕೈಕೊಡುತ್ತೆ.

ಅಂದಾಜು ಅಂತೂ ಬೇಡವೇ ಬೇಡ. ಗಂಟೆಗಟ್ಟಲೆ 90ರಲ್ಲಿ ಓಡಿಸಿ ಬಂದ ಮೇಲೆ 60 ಅಂದರೆ ಗಾಡಿ ತೆವಳುತ್ತಿದೆ ಅನಿಸುತ್ತೆ, ಕಣ್ಣು ಆ ವೇಗಕ್ಕೆ ಒಗ್ಗಿಹೋಗಿರುತ್ತೆ. ನಲವತ್ತರಲ್ಲಿ ಇದ್ದೀನಿ ಅಂದುಕೊಂಡು ಊರೊಳಗೆ ಅರವತ್ತರಲ್ಲಿ ನುಗ್ಗುವುದು ಹೀಗೆ. ಮೇಲಾಗಿ ಕೆಲಸ ಮಾಡುವ ಸ್ಪೀಡೋಮೀಟರ್ ಇರಬೇಕು ಅನ್ನೋದು ನಿಯಮ. ಮೀಟರ್ ಇರಲಿಲ್ಲ ಅಂದರೆ ಓವರ್‌ಸ್ಪೀಡ್ ಚಲನ್ ಮಾಫ್ ಆಗಲ್ಲ.

ಅಕಸ್ಮಾತ್ ದಾರಿ ಮಧ್ಯೆ ಮೀಟರ್ ನಿಂತರೆ ಎಡ ಲೇನ್ ಹಿಡಿಯಿರಿ, ನಿಧಾನ ಹೋಗುವ ಗಾಡಿಗಳ ಜೊತೆ ದೂರ ಇಟ್ಟುಕೊಂಡು ಹೋಗಿ, ಇಳಿಜಾರಿನಲ್ಲಿ ಮೂರನೇ ಗೇರ್ ಬಿಡಬೇಡಿ, ಮೊಬೈಲ್ ಸ್ಟ್ಯಾಂಡ್‌ನಲ್ಲಿರಲಿ. ಮುಂದಿನ ಊರಿನ ಗ್ಯಾರೇಜ್ ತನಕ ಅಷ್ಟೇ, ಧಾರವಾಡದ ತನಕ ಅಲ್ಲ.

ನಿಗಡಿಯವ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ತಳ್ಳಿ ನೋಡಿದೆವು, ತಂತಿ ತಿರುಗುತ್ತಿಲ್ಲ. ಶನಿವಾರ ಕೇಬಲ್ ಹಾಕಿಸುತ್ತೇನೆ. ಇನ್ನೊಂದು ಪ್ರಶ್ನೆ: ಟೈರ್‌ನ ಕಂಪನಿ ಸೈಜ್ 155/80 ಆರ್13 (ಅಗಲ 155 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 80, ರಿಮ್ 13 ಇಂಚು). ಟೈರ್ ಅಂಗಡಿಯವರು 165/80 ಹಾಕಿಸಿ, ಹಿಡಿತ ಚೆನ್ನಾಗಿರುತ್ತೆ ಅಂತಿದ್ದಾರೆ. ಮೀಟರ್‌ಗೆ ಏನಾದರೂ ಆಗುತ್ತಾ?

ಗೇರ್‌ಬಾಕ್ಸ್:
ಆಗುತ್ತೆ. ಚಕ್ರದ ಎತ್ತರ ಸುಮಾರು 578 ಮಿಲಿಮೀಟರ್ ಇದ್ದದ್ದು 594 ಆಗುತ್ತೆ. ಒಂದು ಸುತ್ತಿಗೆ ಗಾಡಿ ಜಾಸ್ತಿ ದೂರ ಹೋಗುತ್ತೆ, ಕೇಬಲ್ ಮಾತ್ರ ಅಷ್ಟೇ ತಿರುಗುತ್ತೆ. ಮೊದಲು ಮುಳ್ಳು ಸರಿ ಇತ್ತು ಅಂತ ಇಟ್ಟುಕೊಂಡರೆ, ಈಗ 80 ತೋರಿಸುವಾಗ ನೀವು 82 ದಾಟಿರುತ್ತೀರಿ. ಇದು ಕಡಿಮೆ ತೋರಿಸುವ ಕಡೆಯ ತಪ್ಪು. ಸವೆದ ಟೈರ್‌ನಲ್ಲಿ ಇದು ಉಲ್ಟಾ, ಚಕ್ರ ಚಿಕ್ಕದಾಗಿ ಮುಳ್ಳು ಜಾಸ್ತಿ ತೋರಿಸುತ್ತೆ. ಕಂಪನಿ ಸೈಜೇ ಹಾಕಿಸಿ, ಟೈರ್ ಬದಲಿಸುವುದಿದ್ದರೆ ಮೊದಲು ಟೈರ್, ಆಮೇಲೆ ಕಲ್ಲಿನ ಪರೀಕ್ಷೆ. ಗಾಳಿ ಸರಿಯಾಗಿ ಹಾಕಿಸಿಕೊಂಡು ಹೊರಡಿ, ಬಂದ ಅಂಕಿ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.