.32 ಸಣ್ಣ ಪಿಸ್ತೂಲ್: ಅಶನಿ, ಹಳೇ ಫಾರಿನ್ ಮಾಲು, ಇಲ್ಲಾ ರಿವಾಲ್ವರ್? ಮಲೆನಾಡಿಗೆ ಯಾವುದು ಸರಿ?

ತುಂಗೆದಡ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮ ತೋಟ. ಜೊತೆಗೆ ಹಳ್ಳಿಗಳಲ್ಲಿ ಅಡಿಕೆ ಖರೀದಿ ವ್ಯವಹಾರ. ಸೀಸನ್‌ನಲ್ಲಿ ದುಡ್ಡು ಇಟ್ಟುಕೊಂಡು ಒಬ್ಬನೇ ಓಡಾಡುವುದು ತಪ್ಪುವುದಿಲ್ಲ, ವಾಪಸ್ ಬರುವಾಗ ಕತ್ತಲಾಗಿರುತ್ತದೆ, ಮಂಡಗದ್ದೆ ಕಡೆ ಕಾಡಿನ ದಾರಿಯಲ್ಲಿ ಫೋನ್ ಮಾಡೋಣ ಅಂದರೆ ಸಿಗ್ನಲ್ ಕೂಡ ಸರಿಯಾಗಿ ಸಿಗುವುದಿಲ್ಲ. ಮನೆಯಲ್ಲಿ ಅಪ್ಪನ ಕಾಲದ ಜೋಡುನಳಿಗೆ ಕೋವಿ ಇದೆ, ಅದು ಈಗ ನನ್ನ ಲೈಸೆನ್ಸ್‌ನಲ್ಲಿದೆ. ಈಗ ಆತ್ಮರಕ್ಷಣೆಗೆ ಅಂತ .32 ಬೋರಿನ (ಬೋರ್ ಅಂದರೆ ನಳಿಗೆಯ ಒಳ ಅಳತೆ) ಸಣ್ಣ ಗನ್ ಸಹ ಮಂಜೂರಾಗಿದೆ.

ಯೂಟ್ಯೂಬಿನಲ್ಲಿ ನೋಡಿದರೆ ಎಲ್ಲಾ ಸಿಗ್ ಪಿ365, ಗ್ಲಾಕ್ 43 ಅಂತ ಮಾತಾಡುತ್ತಾರೆ. ನಮಗೆ ಸಿಗುವುದು ಯಾವುದು? ಗನ್ ಅಂಗಡಿಯವರು ಅಶನಿ ಪಿಸ್ತೂಲ್ ತೋರಿಸಿದರು. ಇನ್ನೊಬ್ಬರ ಹತ್ತಿರ ಹಳೇ ಫಾರಿನ್ ಪಿಸ್ತೂಲ್ ವಾಲ್ಥರ್ ಪಿಪಿಕೆ ಇದೆಯಂತೆ, ಕೇಳಿದ ರೇಟು ಹಲವು ಲಕ್ಷ. ಅಷ್ಟು ದುಡ್ಡಿಗೆ ಅಷ್ಟು ಗುಣ ಇದೆಯಾ? ನಮ್ಮ ಮಳೆಗಾಲಕ್ಕೆ ಯಾವುದು ತಡೆಯುತ್ತದೆ? ಬಟ್ಟೆ ಒಳಗೆ ಹೊರಗೆ ಕಾಣದ ಹಾಗೆ ಇಟ್ಟುಕೊಳ್ಳಬೇಕು, ಅದೇ ಮುಖ್ಯ. ಬಳಸಿದವರು ಹೇಳಿ.

ಸಾಗರದ ಕೋವಿ

ಮೊದಲು ಆ ಯೂಟ್ಯೂಬ್ ಬಂದ್ ಮಾಡಿ ಮಾರಾಯ್ರೆ. ಪಿ365, ಗ್ಲಾಕ್ 43 ಎರಡೂ 9 ಎಂಎಂ. ನಮ್ಮಲ್ಲಿ 9 ಎಂಎಂ ನಿಷೇಧಿತ ಬೋರ್, ಡಿಸಿ ಆಫೀಸಿನ ಲೈಸೆನ್ಸ್‌ಗೆ ಅದು ಬರುವುದೇ ಇಲ್ಲ. ಅಮೆರಿಕದವರು ಐನೂರು ಡಾಲರ್ ಆಸುಪಾಸಿನಲ್ಲಿ ಹತ್ತು ಮಾಡೆಲ್ ಇಟ್ಟುಕೊಂಡು ಹೋಲಿಸುತ್ತಾರೆ, ಅವರ ಲೆಕ್ಕ ನಮಗೆ ಕೂಡುವುದಿಲ್ಲ.

ಪಿಪಿಕೆ ವಿಷಯ. ಗನ್ ಒಳ್ಳೇದು, ಅದರಲ್ಲಿ ಎರಡು ಮಾತಿಲ್ಲ. ಚಿಕ್ಕದು, ಚಪ್ಪಟೆ, ಟ್ರಿಗರ್ ಚೆಂದ. ಆದರೆ ನೀವು ಕೊಡುವ ಲಕ್ಷಗಳು ಗುಣಕ್ಕಲ್ಲ, ಅಭಾವಕ್ಕೆ. 1980ರ ದಶಕದ ಮಧ್ಯದಲ್ಲಿ ಸಾಮಾನ್ಯ ಜನರಿಗೆ ಗನ್ ಆಮದು ನಿಂತಿತು. ಅದಕ್ಕೂ ಮೊದಲು ಬಂದ ಮಾಲೇ ಇವತ್ತಿಗೂ ಕೈಯಿಂದ ಕೈಗೆ ತಿರುಗುತ್ತಾ ಇದೆ. ಹಾಗಾಗಿ ನಿಮ್ಮ ಕೈಗೆ ಬರುವುದು ಹೆಚ್ಚುಕಡಿಮೆ ನಲವತ್ತು ವರ್ಷ ಅಥವಾ ಅದಕ್ಕೂ ಹಳೇದು. ಮೊದಲಿನವರು ಹೇಗೆ ಇಟ್ಟಿದ್ದರೋ ಯಾರಿಗೆ ಗೊತ್ತು? ಬ್ಯಾರೆಲ್ ಒಳಗೆ ಟಾರ್ಚ್ ಬಿಟ್ಟು ನೋಡಿ, ಸಣ್ಣ ಸಣ್ಣ ಗುಳಿ ಬಿದ್ದಿದ್ದರೆ ಅಲ್ಲಿಗೇ ಬಿಡಿ. ಒರಿಜಿನಲ್ ಮ್ಯಾಗಜೀನ್ (ತೋಟೆ ತುಂಬುವ ಡಬ್ಬಿ) ಇದೆಯಾ ಕೇಳಿ. ಗನ್ ಮೇಲಿನ ನಂಬರೂ ಅವರ ಲೈಸೆನ್ಸ್ ಪುಸ್ತಕದಲ್ಲಿ ಬರೆದ ಗನ್ ನಂಬರೂ ತಾಳೆಯಾಗದಿದ್ದರೆ ಅಡ್ವಾನ್ಸ್ ಕೂಡ ಕೊಡಬೇಡಿ.

ಅಶನಿಯದ್ದು ಸರ್ಕಾರಿ ಫ್ಯಾಕ್ಟರಿ ಮಾಲು. ಫಿನಿಶಿಂಗ್‌ನಲ್ಲಿ ವಾಲ್ಥರ್ ಹತ್ತಿರ ಬರುವುದಿಲ್ಲ, ಟ್ರಿಗರ್ ಗಟ್ಟಿ. ಆದರೆ ಹೊಸದು, ಬಿಲ್ ಇರುತ್ತದೆ, ಕೆಟ್ಟರೆ ಕೇಳುವುದಕ್ಕೆ ಒಂದು ಜಾಗ ಇರುತ್ತದೆ. ನನ್ನ ಓಟು ಅದಕ್ಕೇ.

ಇನ್ನೊಂದು. ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ ಗನ್. ಜೋಡುನಳಿಗೆ ಒಂದು, ಇದು ಎರಡು, ಅಲ್ಲಿಗೆ ನಿಮ್ಮ ಲೆಕ್ಕ ಮುಗೀತು. ಆಮೇಲೆ ಬದಲಾಯಿಸುತ್ತೇನೆ ಅಂದರೆ ಮತ್ತೆ ಆಫೀಸು ಅಲೆಯಬೇಕು. ಅದಕ್ಕೇ ಈಗಲೇ ಕೈಯಲ್ಲಿ ಹಿಡಿದು ನೋಡಿ ತಗೊಳ್ಳಿ.

ನಿವೃತ್ತ ಯೋಧ, ಶಿವಮೊಗ್ಗ

ಸಾಗರದವರು ಹೇಳಿದ್ದರಲ್ಲಿ ಬಹಳಷ್ಟು ಒಪ್ಪುತ್ತೇನೆ. ಆದರೆ ಪಿಸ್ತೂಲೇ ಯಾಕೆ? ಹೊಸಬರಿಗೆ ನಾನು ರಿವಾಲ್ವರೇ ಹೇಳುವುದು. ತೋಟೆ ಹಾರಲಿಲ್ಲ ಅಂತಿಟ್ಟುಕೊಳ್ಳಿ. ಪಿಸ್ತೂಲಲ್ಲಾದರೆ ಸ್ಲೈಡ್ (ಮೇಲೆ ಹಿಂದಕ್ಕೆ ಜಾರುವ ಭಾಗ) ಎಳೆದು ಆ ತೋಟೆ ಹೊರಗೆ ಹಾಕಬೇಕು, ಅದಕ್ಕೆ ಎರಡೂ ಕೈ ಬೇಕು, ಅಭ್ಯಾಸ ಇಲ್ಲದವರು ಗಾಬರಿಯಲ್ಲಿ ಅದನ್ನು ಮಾಡುವುದಿಲ್ಲ. ರಿವಾಲ್ವರಲ್ಲಿ ಟ್ರಿಗರ್ ಇನ್ನೊಂದು ಸಲ ಒತ್ತಿದರೆ ಮುಂದಿನ ತೋಟೆ ಬರುತ್ತದೆ.

ರಿವಾಲ್ವರ್‌ಗಳಲ್ಲಿ ನಿರ್ಭೀಕ್ ಹಗುರ, ಅರ್ಧ ಕೆಜಿ. ಟೈಟಾನಿಯಂ ಮಿಶ್ರಲೋಹ, ಹಾಗಾಗಿ ರೇಟೂ ಜಾಸ್ತಿ. 2014ರಲ್ಲಿ ಬಂದಾಗಲೇ 1,22,360 ರೂಪಾಯಿ ಇತ್ತು. 2023ರಲ್ಲಿ ಕಾನ್ಪುರದ ಸರ್ಕಾರಿ ಗನ್ ಕಂಪನಿಯವರು ಪ್ರಬಲ್ ಅನ್ನುವ ರಿವಾಲ್ವರ್ ತಂದರು. ಅದು ಸುಮಾರು 700 ಗ್ರಾಂ, ಬ್ಯಾರೆಲ್ 76 ಎಂಎಂ, ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ. ನಿರ್ಭೀಕಲ್ಲಿ ನಳಿಗೆಯನ್ನೇ ಕೆಳಗೆ ಬಗ್ಗಿಸಿ ತೆರೆಯಬೇಕು. ಹಗುರ ಗನ್ ಹೊತ್ತು ತಿರುಗಲು ಸುಖ, ಆದರೆ ಈಡು ಹೊಡೆದಾಗ ಕೈಯಲ್ಲಿ ಕುಣಿಯುತ್ತದೆ. ನನಗೆ ಕೇಳಿದರೆ ಪ್ರಬಲ್.

ರೇಟಿಗೆ ಹಳೇ ವಿಡಿಯೋ, ಹಳೇ ಪೇಪರ್ ನಂಬಬೇಡಿ. 2025ರ ಸೆಪ್ಟೆಂಬರ್ 22ರಿಂದ ಪಿಸ್ತೂಲ್, ರಿವಾಲ್ವರ್ ಎರಡಕ್ಕೂ ಜಿಎಸ್‌ಟಿ ಶೇ. 28 ಇದ್ದದ್ದು ಶೇ. 40 ಆಗಿದೆ. ತೆರಿಗೆ ಸೇರಿ ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ.

ತೋಟೆಯ ಲೆಕ್ಕವನ್ನೂ ಇದರ ಜೊತೆಗೇ ಸೇರಿಸಿ. ಪಿಸ್ತೂಲಿನ .32 ತೋಟೆ ಬೇರೆ, ರಿವಾಲ್ವರಿನ .32 ಬೇರೆ. ರಿವಾಲ್ವರಿನದು ಉದ್ದ, ಬುಡದಲ್ಲಿ ಅಂಚು ಎದ್ದು ಕಾಣುತ್ತದೆ. ಯಾವುದು ನಿಮ್ಮ ಕಡೆ ಸುಲಭಕ್ಕೆ ಸಿಗುತ್ತದೆ ಅಂತ ಮೊದಲೇ ವಿಚಾರಿಸಿ. ತೋಟೆ ಸಿಗದಿದ್ದರೆ ಅಭ್ಯಾಸ ಇಲ್ಲ. ಅಭ್ಯಾಸ ಇಲ್ಲದೆ ಸೊಂಟದಲ್ಲಿ ಗನ್ ಇಟ್ಟುಕೊಂಡವನು ತನಗೂ ಅಪಾಯ, ಪಕ್ಕದವನಿಗೂ ಅಪಾಯ. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ.

ಕೊಪ್ಪದವ

ಮಳೆಗಾಲದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ ಅದೇ ದೊಡ್ಡ ವಿಷಯ ಅಲ್ವಾ?

ಆಗುಂಬೆ ಸೀಮೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ, ಬೀರುವಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ, ಇನ್ನು ಕಬ್ಬಿಣ ಬಿಡುತ್ತದೆಯಾ? ಕೋವಿಯಾದರೆ ಅಡುಗೆಮನೆ ಅಟ್ಟದಲ್ಲಿ ಬೆಚ್ಚಗೆ ಇರುತ್ತಿತ್ತು ಅಂತ ಹಿರಿಯರು ಹೇಳುತ್ತಾರೆ. ಸಣ್ಣ ಗನ್ ಮೈಗೆ ತಾಗಿಕೊಂಡೇ ಇರುತ್ತದೆ, ಮಳೆ ನೀರಿಗಿಂತ ಬೆವರಿನ ಉಪ್ಪೇ ಅದಕ್ಕೆ ಹೆಚ್ಚು ಕೆಟ್ಟದ್ದು. ಹಳೇ ಫಾರಿನ್ ಗನ್ನಿನ ನೀಲಿಗಪ್ಪು ಬಣ್ಣ ಎಷ್ಟೇ ಚೆಂದ ಇರಲಿ, ಸವೆದ ಕಡೆ ತುಕ್ಕು ಬೇಗ ಬರುತ್ತದೆ.

ಚರ್ಮದ ಹೋಲ್ಸ್ಟರ್ (ಗನ್ ಇಡುವ ಚೀಲ) ಒಳಗೇ ಗನ್ ಬಿಟ್ಟು ಬೀರುವಿಗೆ ಹಾಕಬೇಡಿ. ಚರ್ಮ ನೀರು ಹಿಡಿದುಕೊಳ್ಳುತ್ತದೆ. ನಾನು ಮನೆಗೆ ಬಂದ ಕೂಡಲೇ ತೋಟೆ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಗನ್ ಎಣ್ಣೆ ತೆಳ್ಳಗೆ ಸವರಿ, ಗಾಳಿ ಹೋಗದ ಡಬ್ಬದಲ್ಲಿ ಸಿಲಿಕಾ ಜೆಲ್ ಚೀಲದ ಜೊತೆ ಇಟ್ಟು ಬೀಗ ಹಾಕುತ್ತೇನೆ. ತೋಟೆ ಬೇರೆ ಕಡೆ. ಕೊಬ್ಬರಿ ಎಣ್ಣೆ ಹಚ್ಚುವವರನ್ನು ನೋಡಿದ್ದೇನೆ, ಅದು ಚಳಿಗೆ ಗಟ್ಟಿಯಾಗಿ ಒಳಗಿನ ಸ್ಪ್ರಿಂಗ್ ಎಲ್ಲಾ ಅಂಟಂಟು. ಬೇಡ. ಒಂದು ಮಳೆಗಾಲ ಸೊಂಟದಲ್ಲಿ ಕಳೆದ ತೋಟೆಯನ್ನು ಅಭ್ಯಾಸಕ್ಕೆ ಖರ್ಚು ಮಾಡಿ, ಹೊಸದು ಹಾಕಿಕೊಳ್ಳಿ.

ತುಂಗೆದಡ

ತುಂಬಾ ಉಪಕಾರ ಆಯ್ತು. ಯೋಧ ಸರ್, ರಿವಾಲ್ವರ್ ಹೊಟ್ಟೆ ಉಬ್ಬಿಕೊಂಡು ಅಂಗಿ ಮೇಲೆ ಕಾಣುವುದಿಲ್ವಾ? ನಾನು ಹಳ್ಳಿ ಕಡೆ ಹೋಗುವಾಗ ಪಂಚೆಯಲ್ಲೇ ಇರುತ್ತೇನೆ. ಬ್ಯಾಗಲ್ಲಿ ಇಟ್ಟರೆ ನಡೆಯುತ್ತದೆಯಾ?

ನಿವೃತ್ತ ಯೋಧ, ಶಿವಮೊಗ್ಗ

ಪಂಚೆಗೆ ಗನ್ ಆಗುವುದಿಲ್ಲ. ಗಟ್ಟಿ ಬೆಲ್ಟ್ ಇಲ್ಲದೆ ಹೋಲ್ಸ್ಟರ್ ನಿಲ್ಲುವುದಿಲ್ಲ, ಬಗ್ಗಿದಾಗ ಜಾರುತ್ತದೆ. ಗನ್ ಇರುವ ದಿನ ಪ್ಯಾಂಟೇ ಹಾಕಿ. 2016ರ ಆಯುಧ ನಿಯಮದ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಗನ್ ಮೈಗೆ ಕಟ್ಟಿದ ಹೋಲ್ಸ್ಟರಲ್ಲೋ ಬೆನ್ನಿನ ಬ್ಯಾಗಿನಂಥದ್ದರಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹತೋಟಿಯಲ್ಲಿರಬೇಕು. ತೋರಿಸಿಕೊಂಡು ತಿರುಗುವ ಹಾಗಿಲ್ಲ. ಆದರೆ ಬೈಕಿಗೆ ಬ್ಯಾಗ್ ನೇತುಹಾಕಿ ಅಂಗಡಿಗೆ ಹೋಗುವುದು ಹತೋಟಿ ಅಲ್ಲ. ಉಬ್ಬಿನ ವಿಷಯ ನಿಜ, ಅದರಲ್ಲಿ ಚಪ್ಪಟೆ ಪಿಸ್ತೂಲೇ ಮೇಲು. ತೆಳ್ಳಗಿನವರಿಗೆ ಇನ್ನೂ ಜಾಸ್ತಿ ಗೊತ್ತಾಗುತ್ತದೆ. ಸಡಿಲ ಅಂಗಿ, ಇನ್‌ಶರ್ಟ್ ಮಾಡದೆ.

ಹೊಸನಗರ ಹುಡುಗಿ

ಅಣ್ಣಾ, ನನ್ನದು ಬೇರೆ ಮಾತು. ನಮ್ಮ ಮನೆಯಲ್ಲೂ ಅಡಿಕೆ ವ್ಯಾಪಾರ, ಅಪ್ಪನ ಹತ್ತಿರ ರಿವಾಲ್ವರ್ ಇದೆ. ಚುನಾವಣೆ ಬಂದಾಗ ಅದು ಠಾಣೆಗೆ ಹೋಗುತ್ತದೆ, ಆ ದಿನಗಳಲ್ಲಿ ಏನು ಮಾಡುತ್ತೀರಿ? ಆಗ ನಾವು ರೈತರ ಖಾತೆಗೇ ದುಡ್ಡು ಹಾಕುವುದು ಶುರು ಮಾಡಿದೆವು, ನಗದು ಬೇಕೇ ಬೇಕು ಅನ್ನುವವರಿಗೆ ಮಾತ್ರ ಬೆಳಗ್ಗೆ ಇಬ್ಬರು ಹೋಗುತ್ತಾರೆ. ಹೋಗುವ ದಾರಿ, ಟೈಮು ದಿನಾ ಒಂದೇ ಇರುವುದಿಲ್ಲ. ಗನ್ ಬೇಡ ಅನ್ನುತ್ತಿಲ್ಲ, ಲೈಸೆನ್ಸ್ ಸಿಕ್ಕಿದೆ, ತಗೊಳ್ಳಿ. ಆದರೆ ರಾತ್ರಿ ಒಬ್ಬರೇ ದುಡ್ಡು ಹಿಡಿದು ಬರುವುದನ್ನು ಗನ್ ಇದೆ ಅಂತ ಮುಂದುವರಿಸಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಬೀಗದ ಪೆಟ್ಟಿಗೆ ಗನ್ನಿಗಿಂತ ಮೊದಲೇ ಮನೆಗೆ ಬರಲಿ.

ತುಂಗೆದಡ

ತಂಗಿ ಹೇಳಿದ್ದು ಮನೆಯವಳೂ ಹೇಳುತ್ತಿದ್ದಾಳೆ. ಖಾತೆಗೆ ಹಾಕುವುದನ್ನು ಈ ಸೀಸನ್‌ನಿಂದಲೇ ನೋಡುತ್ತೇನೆ. ಪಿಪಿಕೆ ಆಸೆ ಬಿಟ್ಟೆ. ಸೋಮವಾರ ಅಂಗಡಿಗೆ ಹೋಗಿ ಅಶನಿ, ಪ್ರಬಲ್ ಎರಡನ್ನೂ ಖಾಲಿ ಮಾಡಿಸಿ ಕೈಯಲ್ಲಿ ಹಿಡಿದು ನೋಡುತ್ತೇನೆ. ತೆರಿಗೆ ಸೇರಿದ ರೇಟು, ಎರಡರ ತೋಟೆಯ ರೇಟು ಬರೆಸಿಕೊಂಡು ಬಂದು ಇಲ್ಲೇ ಹಾಕುತ್ತೇನೆ.