ಪದಚರ್ಚೆ: ನವೆಂಬರಿನ ಕೈತೋಟಕ್ಕೆ ‘ಶರತ್ಕಾಲ’ ಒಪ್ಪುವುದೇ? (ಜೊತೆಗೆ ‘ಒಳಾಂಗಣ ಗಿಡ’, ‘ಮಂಜು’)

ಬಲ್ಲವರಲ್ಲಿ ಒಂದು ವಿಚಾರಣೆ.

ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿ ಹಿತ್ತಲಲ್ಲಿ ಗಿಡ ಬೆಳೆಸುತ್ತಿರುವ ನಾವು ನಾಲ್ಕಾರು ಮಂದಿ ವರ್ಷವಿಡೀ ತೋಟದಲ್ಲಿ ಮಾಡುವ ಕೆಲಸಗಳನ್ನು ತಿಂಗಳು ತಿಂಗಳಿಗೆ ಕನ್ನಡದಲ್ಲಿ ಬರೆದಿಡುತ್ತಿದ್ದೇವೆ. ಅಕ್ಟೋಬರಿನವರೆಗೆ ಸಲೀಸಾಗಿ ಬಂದ ಬರವಣಿಗೆ ನವೆಂಬರಿನಲ್ಲಿ ನಿಂತುಬಿಟ್ಟಿದೆ. ಆ ಹೊತ್ತಿಗೆ ದೊಡ್ಡ ಮರಗಳೆಲ್ಲ ಬೋಳಾಗಿರುತ್ತವೆ. ಗಿಡ್ಡನೆಯ ಜಪಾನಿ ಮೇಪಲ್ ಮಾತ್ರ ಕುಂಕುಮ ಚೆಲ್ಲಿದಂತೆ ನಿಂತಿರುತ್ತದೆ. ಮೆಟ್ಟಿಲ ಬದಿಯ ಸೇವಂತಿಗೆ ಇನ್ನೂ ಪಟ್ಟುಬಿಡದೆ ಹಳದಿಯಾಗಿರುತ್ತದೆ. ಬೇಸಗೆಯೆಲ್ಲ ಹೊರಗಿದ್ದ ಕರಿಬೇವು, ದುಂಡುಮಲ್ಲಿಗೆ, ತುಳಸಿಯ ಕುಂಡಗಳು ದಕ್ಷಿಣದ ಕಿಟಕಿಯ ಬಳಿ ಒಂದಕ್ಕೊಂದು ಒತ್ತಿಕೊಂಡು ಕುಳಿತಿರುತ್ತವೆ. ಈ ಹೊತ್ತನ್ನು ಏನೆಂದು ಕರೆಯಬೇಕು ಎಂಬುದು ಮೊದಲ ಪ್ರಶ್ನೆ.

ಪಂಚಾಂಗದ ಲೆಕ್ಕದಲ್ಲಿ ತೊಡಕಿಲ್ಲ. ಆಶ್ವಯುಜ, ಕಾರ್ತಿಕಗಳು ಶರದೃತುವಾದ್ದರಿಂದ ನವೆಂಬರಿನ ನಡುಭಾಗ ಸಾಮಾನ್ಯವಾಗಿ ಶರತ್ಕಾಲದ ಕೊನೆಯೇ ಆಗುತ್ತದೆ. ನನಗಿರುವ ತಕರಾರು ಆ ಪದ ಕನ್ನಡಿಗನ ಮನಸ್ಸಿನಲ್ಲಿ ಮೂಡಿಸುವ ಚಿತ್ರದ್ದು. ಶರತ್ತು ಎಂದೊಡನೆ ನಮಗೆ ಕಾಣುವುದು ಮಳೆ ತೊಳೆದ ಆಕಾಶ, ತಿಳಿಯಾದ ಕೆರೆಯ ನೀರು, ನವರಾತ್ರಿ, ಬೆಳ್ದಿಂಗಳು. ಎಲೆ ಉದುರುವುದಂತೂ ಖಂಡಿತ ಅಲ್ಲ. ನಮ್ಮಲ್ಲಿ ಎಲೆ ಉದುರಿಸುವ ಕೆಲಸವನ್ನು ಶಿಶಿರಕ್ಕೆ, ಅಂದರೆ ಮಾಘ ಫಾಲ್ಗುಣಗಳಿಗೆ, ಒಪ್ಪಿಸಿದ್ದಾರೆ. ಮಲೆನಾಡಿನಲ್ಲಿ ದರಕು (ಉದುರಿ ಒಣಗಿದ ಎಲೆ) ಗುಡಿಸಿ ಹೆಡಿಗೆಯಲ್ಲಿ ತುಂಬಿ ಕೊಟ್ಟಿಗೆಗೆ ಹಾಸುವುದು ಬೇಸಗೆಯ ಬಾಗಿಲಿನಲ್ಲೇ ಹೊರತು ದೀಪಾವಳಿಯ ಆಸುಪಾಸಿನಲ್ಲಲ್ಲ. ಹೀಗಿರುವಾಗ ‘ಶರತ್ಕಾಲದ ಎಲೆಬಣ್ಣ’ ಎಂದು ಬರೆದರೆ ತಿಂಗಳು ಸರಿಹೋಗುತ್ತದೆ, ಕಣ್ಣಿಗೆ ಕಟ್ಟುವುದು ತಪ್ಪುತ್ತದೆ. (ಅಂದಹಾಗೆ, ‘ಶರತ್ತು’ ಎಂದು ಬರೆದರೆ ಓದುಗರಲ್ಲಿ ಅರ್ಧ ಮಂದಿಗೆ ಬ್ಯಾಂಕಿನ ಸಾಲಪತ್ರವೇ ನೆನಪಾದೀತು, ಅರಬ್ಬಿಯಿಂದ ಬಂದ ‘ಷರತ್ತು’ ಈಗ ಎರಡು ಶಕಾರಗಳಲ್ಲೂ ಓಡಾಡುತ್ತಿದೆ.)

‘ಮಾಗಿ’ ಎನ್ನಬಹುದೆಂದು ನಮ್ಮವರೊಬ್ಬರು ಸೂಚಿಸಿದರು. ‘ಮಾಗು’ ಎಂಬ ಕ್ರಿಯಾಪದ ಪಕ್ಕದಲ್ಲೇ ಇರುವುದರಿಂದ ಆಸೆಯಾಗುವುದು ನಿಜ, ಆದರೆ ಮಾಗಿ ಎಂಬುದು ಮಾಘದ ತದ್ಭವವೆಂದೇ ತಿಳಿದುಬಂದಿರುವ ಪದ. ಮಾಗಿಯ ಚಳಿ, ಮಾಗಿ ಉಳುಮೆ ಎಂಬ ಬಳಕೆಗಳು ಪೈರು ಕೊಯ್ದಾದ ಹೊಲವನ್ನು ಕಣ್ಣಮುಂದೆ ತರುತ್ತವೆಯೇ ಹೊರತು ಇನ್ನೂ ಬಣ್ಣವಿರುವ ತೋಟವನ್ನಲ್ಲ.

ನನ್ನ ಸೂಚನೆ ‘ಹಣ್ಣೆಲೆಗಾಲ’. ಮಳೆಗಾಲ, ಚಳಿಗಾಲಗಳ ಜಾಡಿನಲ್ಲೇ ಕಕಾರಕ್ಕೆ ಗಕಾರ ಆದೇಶವಾಗಿ ಬಂದಿರುವುದರಿಂದ ರಚನೆಯಲ್ಲಿ ದೋಷವಿಲ್ಲವೆಂದುಕೊಂಡಿದ್ದೇನೆ. ಎಲೆ ‘ಹಣ್ಣಾಗುವುದು’ ಎಂಬ ಮಾತು ಕನ್ನಡದ ಸೊತ್ತು: ಮರದಲ್ಲಿರುವಾಗ ಹಣ್ಣೆಲೆ, ನೆಲಕ್ಕೆ ಬಿದ್ದು ಒಣಗಿದ ಮೇಲೆ ತರಗೆಲೆ. ನಮ್ಮ ತಿಂಗಳಿಗೆ ಬೇಕಾಗಿರುವುದು ಈ ಮೊದಲನೆಯ ಸ್ಥಿತಿ. ‘ಎಲೆಯುದುರುವ ಕಾಲ’ ಎಂದರೆ ನೇರವಾಗಿ ಎರಡನೆಯದಕ್ಕೆ ಜಿಗಿದಂತಾಗಿ, ನಡುವಿನ ಸೊಗಸೆಲ್ಲ ಕೈಬಿಟ್ಟುಹೋಗುತ್ತದೆ.

ಆದರೆ ನನ್ನ ಪದಕ್ಕೂ ಒಂದು ಕೊರತೆಯಿದೆ, ಅದನ್ನು ಮುಚ್ಚಿಡಲಾರೆ. ಹಣ್ಣೆಲೆ ಎಂದರೆ ನಮ್ಮ ಕಿವಿಗೆ ಹಳದಿ. ಎಲೆಯ ಹಸಿರು ಕರಗಿದಾಗ ಮೊದಲಿನಿಂದಲೂ ಒಳಗಿದ್ದ ಹಳದಿ ಹೊರಗೆ ಕಾಣುತ್ತದೆ, ಅಷ್ಟೇ. ಮೇಪಲ್ಲಿನ ಕೆಂಪು ಹಾಗಲ್ಲ, ಅದು ಎಲೆ ತನ್ನ ಕೊನೆಯ ದಿನಗಳಲ್ಲಿ ಹೊಸದಾಗಿ ತಯಾರಿಸಿಕೊಳ್ಳುವ ಬಣ್ಣ. ಮಾವಿನ ಎಳೆಯ ಚಿಗುರಿಗೆ ಕೆಂಪು ಕೊಡುವುದೂ ಅದೇ ಬಗೆಯ ಬಣ್ಣದ್ರವ್ಯ. ಕನ್ನಡದಲ್ಲಿ ಕೆಂಪೆಲೆಗೆ ಇರುವ ಹಳೆಯ, ಸುಂದರವಾದ ಪದ ‘ಕೆಂದಳಿರು’, ಅದು ಎಲೆಯ ಹುಟ್ಟಿಗೆ ಸೇರಿದ್ದು, ವಸಂತದ್ದು. ಇಲ್ಲಿ ಅದೇ ಕೆಂಪು ಎಲೆಯ ಕೊನೆಗೆ ಬರುತ್ತದೆ. ಉದುರುವ ಮುಂಚೆ ಕೆಂಪಾಗುವ ಎಲೆ ನಮ್ಮೂರಿನಲ್ಲಿ ಇಲ್ಲವೆಂದೇನೂ ಅಲ್ಲ. ಶಾಲೆಯ ಅಂಗಳದ ಬಾದಾಮಿ ಮರದ ಅಂಗೈಯಗಲದ ಕೆಂಪೆಲೆಗಳನ್ನು ಪುಸ್ತಕದಲ್ಲಿಟ್ಟುಕೊಂಡವರು ಇದನ್ನು ಓದುತ್ತಿರುವವರಲ್ಲಿ ಹಲವರಿರಬಹುದು. ಅದನ್ನು ನಿಮ್ಮ ಕಡೆ ಏನೆನ್ನುತ್ತಿದ್ದರು? ‘ಕೆಂಪು ಹಣ್ಣೆಲೆ’ಯೇ, ಅಥವಾ ಬೇರೆ ಹೆಸರಿತ್ತೇ?

ಎರಡನೆಯ ಪ್ರಶ್ನೆ ‘ಒಳಾಂಗಣ ಗಿಡ’ದ್ದು. ಪತ್ರಿಕೆಗಳ ಮನೆಗೆ ಸಂಬಂಧಿಸಿದ ಪುಟಗಳಲ್ಲಿ ಈ ಪದ ನೆಲೆಯೂರಿಬಿಟ್ಟಿದೆ, ಆದರೆ ಅಂಗಣವೆಂದರೆ ಅಂಗಳ. ತೊಟ್ಟಿಮನೆಯಲ್ಲಿ ಒಳಾಂಗಣವೆಂದರೆ ಮೇಲೆ ಆಕಾಶ ಕಾಣುವ ನಡುವಿನ ತೊಟ್ಟಿ. ಪದದ ಅರ್ಥವನ್ನು ನೆಚ್ಚಿದರೆ ಒಳಾಂಗಣದ ಗಿಡ ಬಿಸಿಲಲ್ಲಿ ಕಾಯುತ್ತ ಮಳೆಯಲ್ಲಿ ನೆನೆಯುತ್ತಿರಬೇಕು! ‘ಒಳಾಂಗಣ ಕ್ರೀಡಾಂಗಣ’ ಎಂದು ಎರಡು ಅಂಗಣಗಳನ್ನು ಒಂದರೊಳಗೊಂದು ತುರುಕಿರುವ ನಾವು ಇದನ್ನೂ ಸಹಿಸಿಕೊಳ್ಳಬಹುದೇನೋ. ಆದರೂ ‘ಮನೆಯೊಳಗಿನ ಗಿಡ’ ಎಂಬ ಸರಳ ಮಾತಿಗೆ ಏನು ಕೊರತೆಯೆಂದು ನನಗೆ ತಿಳಿಯದು. ‘ಕುಂಡದ ಗಿಡ’ ಸಾಲದು, ಏಕೆಂದರೆ ಕುಂಡ ಜಗಲಿಯ ಮೇಲೂ ಇರುತ್ತದೆ. ಜೂನಿನಲ್ಲಿ ಹೊರಗಿದ್ದು ನವೆಂಬರಿನಲ್ಲಿ ಒಳಗೆ ಬರುವ ಕರಿಬೇವಿನಂಥ ಅತಿಥಿಗೆ ಬೇರೊಂದು ಹೆಸರಿದ್ದರೆ ಇನ್ನೂ ಒಳ್ಳೆಯದು.

ಕೊನೆಯದಾಗಿ, ಆ ಗಿಡಗಳನ್ನು ಒಳಗೆ ಓಡಿಸುವ ವಸ್ತುವಿಗೇ, ಇಂಗ್ಲಿಷಿನವರು ‘ಫ್ರಾಸ್ಟ್’ ಎನ್ನುವುದಕ್ಕೆ, ನಮ್ಮಲ್ಲಿ ಹೆಸರಿಲ್ಲ. ಹೋದ ವರ್ಷ ಒಂದು ರಾತ್ರಿ ಒಂದು ತುಳಸಿ ಕುಂಡವನ್ನು ಹೊರಗೆ ಮರೆತಿದ್ದೆ. ಬೆಳಗ್ಗೆ ಎಲೆಯ ಅಂಚಿನಲ್ಲೆಲ್ಲ ಉಪ್ಪು ಉದುರಿಸಿದಂತೆ ಬಿಳಿಯ ಹರಳು. ಬಿಸಿಲೇರುವ ಹೊತ್ತಿಗೆ ಗಿಡ ಬಿಸಿನೀರಿನಿಂದ ತೆಗೆದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿತ್ತು. ಇದನ್ನು ‘ಇಬ್ಬನಿ’ ಎನ್ನುವಂತಿಲ್ಲ, ಇಬ್ಬನಿ ನೀರಿನ ಹನಿ, ಗಿಡವನ್ನು ಕೊಲ್ಲುವುದಿಲ್ಲ. ‘ಮಂಜು’ ಎಂದರೆ ಮಡಿಕೇರಿಯ ರಸ್ತೆಯನ್ನು ಮುಚ್ಚುವುದೂ ಅದೇ, ಹಿಮಾಲಯದ ಮೇಲೆ ಬೀಳುವುದೂ ಅದೇ. ‘ಹೆಪ್ಪುಗಟ್ಟಿದ ಇಬ್ಬನಿ’ ಎಂಬುದು ವಿವರಣೆಯಾಯಿತೇ ಹೊರತು ಪದವಾಗಲಿಲ್ಲ. ‘ಹೆಪ್ಪನಿ’ ಎಂದು ನಾನೇ ಕಟ್ಟಿಕೊಂಡದ್ದು ಮನೆಯಲ್ಲಿ ನಗೆಗೀಡಾಯಿತು.

ಕನ್ನಡಕ್ಕೆ ತೀರ ಹತ್ತಿರದ ಬಡಗ ನುಡಿಯನ್ನಾಡುವವರು ಇರುವುದು ನೀಲಗಿರಿಯಲ್ಲಿ. ಡಿಸೆಂಬರ್, ಜನವರಿಗಳ ಬೆಳಗಿನಲ್ಲಿ ಉದಕಮಂಡಲದ ಹುಲ್ಲಿನ ಮೇಲೆ ಇದೇ ಬಿಳಿ ಪದರವನ್ನು ಅವರು ತಲೆಮಾರುಗಳಿಂದ ನೋಡುತ್ತ, ಅದರಿಂದ ಬೆಳೆ ಕಾಯುತ್ತ ಬಂದವರು. ಅವರ ಮಾತಿನಲ್ಲಿ ಇದಕ್ಕೊಂದು ಹೆಸರು ಇದ್ದೇ ಇರಬೇಕು. ಬಡಗರ ಒಡನಾಟವಿರುವವರು ಯಾರಾದರೂ ಕೇಳಿ ತಿಳಿಸಿದರೆ, ನಮ್ಮ ನವೆಂಬರಿನ ಪುಟವನ್ನು ಅದೇ ಪದದಿಂದ ಆರಂಭಿಸುತ್ತೇವೆ.